ಬರ್ಮಿಂಗ್‌ಹ್ಯಾಮಿನಲ್ಲಿ ಸಿಕ್ಕ ಓಟು ಕೊಡಗಿನಲ್ಲಿ ಏಕಿಲ್ಲ?



ಜವಳಗಿರಿಯಿಂದ ಕೊಡಗಿಗೂ ಚಿಕ್ಕಮಗಳೂರಿಗೂ ತೋಟದ ಕೆಲಸಕ್ಕೆ ಹೋದ ನಮ್ಮವರಲ್ಲಿ ಎಷ್ಟು ಮಂದಿ 2024ರ ಲೋಕಸಭಾ ಚುನಾವಣೆಯಲ್ಲಿ ಓಟು ಹಾಕಿದರು? ಆರಾಧನೆ ಮುಗಿದ ಮೇಲೆ ಈ ಪ್ರಶ್ನೆ ಕೇಳಿದಾಗಲೆಲ್ಲ ನಮಗೆ ಬರುವ ಉತ್ತರ ಒಂದೇ: "ಹೆಸರು ಊರಲ್ಲಿದೆ, ಹೋಗಲಿಕ್ಕೆ ಆಗಲಿಲ್ಲ." ಕೃಷ್ಣಗಿರಿ ಕ್ಷೇತ್ರದಲ್ಲಿ ಮತದಾನವಾದದ್ದು ಏಪ್ರಿಲ್ 19ರಂದು. ಆ ದಿನ ನಮ್ಮವರು ತೋಟದಲ್ಲಿ ಕಪಾತಿನ ಕೆಲಸದಲ್ಲಿದ್ದರು. ಕೊಡಗಿನಲ್ಲಿ ಮತದಾನವಾದದ್ದು 26ರಂದು. ಆ ದಿನ ಸ್ಥಳೀಯರು ಬಟ್ಟೆ ಬದಲಿಸಿಕೊಂಡು ಮತಗಟ್ಟೆಗೆ ಹೋದರು, ನಮ್ಮವರು ಲೈನ್ ಮನೆಯ ಜಗಲಿಯಲ್ಲಿ ಕುಳಿತು ನೋಡಿದರು. ಒಂದೇ ವಾರದಲ್ಲಿ ಎರಡು ಕಡೆ ಚುನಾವಣೆ ನಡೆಯಿತು, ಎರಡು ಕಡೆಯೂ ನಮ್ಮವರ ಬೆರಳಿಗೆ ಮಸಿ ಇಲ್ಲ.

ಇದನ್ನು ಹಣೆಬರಹ ಎಂದು ಬಿಡುವವರಿಗೆ ನಾವು ಇಂದು ದೂರದ ಒಂದು ಚುನಾವಣೆಯ ಸಂಗತಿ ಹೇಳಬೇಕೆಂದಿದ್ದೇವೆ.

ಯೂರೋಪಿನ ಹಲವು ದೇಶಗಳು ಸೇರಿ ಒಂದು ಪಾರ್ಲಿಮೆಂಟನ್ನು ನಡೆಸುತ್ತವೆ. ಪ್ರತಿಯೊಂದು ದೇಶಕ್ಕೂ ಅದರದೇ ಪಾರ್ಲಿಮೆಂಟು ಇದೆ. ಅದರ ಮೇಲೆ ಎಲ್ಲರಿಗೂ ಸೇರಿದ್ದು ಇದೊಂದು. ಮೊದಲು ಇದರ ಸದಸ್ಯರನ್ನು ಆಯಾ ದೇಶದ ಪಾರ್ಲಿಮೆಂಟುಗಳೇ ತಮ್ಮೊಳಗಿಂದ ಆರಿಸಿ ಕಳುಹಿಸುತ್ತಿದ್ದವು. 1979ರ ಜೂನ್‌ನಲ್ಲಿ ಮೊದಲ ಬಾರಿಗೆ ಒಂಬತ್ತು ದೇಶಗಳ ಜನ ನೇರವಾಗಿ ಓಟು ಹಾಕಿ 410 ಮಂದಿಯನ್ನು ಆರಿಸಿದರು. ಹಾಗೆ ಆಯ್ಕೆಯಾದ ಪಾರ್ಲಿಮೆಂಟು ತನ್ನ ಅಧ್ಯಕ್ಷತೆಗೆ ಕೂರಿಸಿದ್ದು ಸಿಮೋನ್ ವೇಲ್ ಎಂಬ ಫ್ರೆಂಚ್ ಹೆಣ್ಣುಮಗಳನ್ನು. ಹಿಟ್ಲರನ ಆಷ್‌ವಿಟ್ಸ್ ಸೆರೆಶಿಬಿರದಿಂದ ಬದುಕಿ ಬಂದವರು ಆಕೆ. ಆ ಚುನಾವಣೆಯಲ್ಲಿ ಬ್ರಿಟನ್ನಿನಿಂದ 81 ಮಂದಿ ಆರಿಸಿ ಹೋದರು.

ನಮಗೆ ಮುಖ್ಯವಾದ ಮಾತು ಇಲ್ಲಿದೆ. ಬ್ರಿಟನ್ನಿನಲ್ಲಿ ಈ ಚುನಾವಣೆಗೆ ಓಟು ಹಾಕಲು ಬ್ರಿಟಿಷ್ ಪ್ರಜೆಯೇ ಆಗಿರಬೇಕೆಂದು ಇರಲಿಲ್ಲ. ಅಲ್ಲಿ ನ್ಯಾಯವಾಗಿ ವಾಸವಿದ್ದು ಪಟ್ಟಿಯಲ್ಲಿ ಹೆಸರು ಬರೆಸಿದ ಕಾಮನ್‌ವೆಲ್ತ್ ದೇಶದವರೂ ಓಟು ಹಾಕಬಹುದಿತ್ತು. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಕೈಯಲ್ಲಿದ್ದ ಕನ್ನಡಿಗನೊಬ್ಬ ಬರ್ಮಿಂಗ್‌ಹ್ಯಾಮಿನಲ್ಲೋ ಲಂಡನ್ನಿನಲ್ಲೋ ಬಾಡಿಗೆ ಮನೆಯಲ್ಲಿದ್ದುಕೊಂಡು ಯೂರೋಪಿನ ಪಾರ್ಲಿಮೆಂಟಿಗೆ ಸದಸ್ಯರನ್ನು ಆರಿಸಬಹುದಿತ್ತು. 1979ರಿಂದ 2019ರವರೆಗೆ, ಒಂಬತ್ತು ಚುನಾವಣೆಗಳಲ್ಲಿ, ಈ ಹಕ್ಕು ನಡೆಯಿತು. ಇದು ಯಾರ ದಾನವೂ ಅಲ್ಲ. ಸಾಮ್ರಾಜ್ಯದ ಕಾಲದಲ್ಲಿ ಎಲ್ಲರನ್ನೂ ಒಬ್ಬ ಅರಸನ ಪ್ರಜೆಗಳೆಂದು ಕರೆದದ್ದರ ಋಣ ಅದು. ನಮ್ಮವರು ಅದನ್ನು ಬಳಸಿಕೊಂಡರು. ಅಲ್ಲಿನ ನಗರಸಭೆಗಳಲ್ಲಿಯೂ ಇದೇ ಹಕ್ಕು ಉಂಟು. ಕಲಬುರ್ಗಿಯ ಕಡೆಯಿಂದ ಹೋದ ಡಾ. ನೀರಜ್ ಪಾಟೀಲರು 2010ರಲ್ಲಿ ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆದರು. ಹೊರಗಿನಿಂದ ಬಂದವರು ಎಂದು ಯಾರೂ ಅವರನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಕಡೆಯ ಚುನಾವಣೆ ನಡೆದದ್ದು 2019ರ ಮೇ 23ರಂದು. ಅದೇ ದಿನ ನಮ್ಮ ದೇಶದಲ್ಲಿ ಹದಿನೇಳನೆಯ ಲೋಕಸಭೆಯ ಮತ ಎಣಿಕೆ ನಡೆಯುತ್ತಿತ್ತು. ಯೋಚಿಸಿ ನೋಡಿ. ಆ ದಿನ ಬ್ರಿಟನ್ನಿನಲ್ಲಿದ್ದ ಭಾರತೀಯ ಮತಗಟ್ಟೆಗೆ ನಡೆದು ಹೋಗಿ ಪರದೇಶಗಳ ಪಾರ್ಲಿಮೆಂಟಿಗೆ ಓಟು ಹಾಕಿದ. ಆತನದೇ ಊರಿನ ಕೂಲಿಯವ, ಹೆಚ್ಚೆಂದರೆ ಎರಡು ಬಸ್ಸು ಬದಲಿಸುವ ದೂರದಲ್ಲಿದ್ದವ, ಸ್ವಂತ ದೇಶದ ಪಾರ್ಲಿಮೆಂಟಿಗೆ ಓಟು ಹಾಕದೆ ಫಲಿತಾಂಶ ಕೇಳುತ್ತ ಕುಳಿತ. ಇದೆಂಥ ನ್ಯಾಯ?

ಹಾಗೆಂದು ಅಲ್ಲಿ ಎಲ್ಲವೂ ಸರಿ ಇತ್ತು ಎಂದು ನಾವು ಹೇಳುವುದಿಲ್ಲ. ಅದೇ ದಿನ ಅಲ್ಲಿ ಒಂದು ಅನ್ಯಾಯವೂ ನಡೆಯಿತು. ಯೂರೋಪಿನ ಬೇರೆ ದೇಶಗಳಿಂದ ಬ್ರಿಟನ್ನಿಗೆ ಬಂದು ದುಡಿಯುತ್ತಿದ್ದ ಪೋಲೆಂಡ್, ಇಟಲಿ, ರೊಮೇನಿಯಾದವರಿಗೂ ಅಲ್ಲೇ ಓಟು ಹಾಕುವ ಹಕ್ಕಿತ್ತು. ಆದರೆ ಅವರು "ನಾನು ನನ್ನ ದೇಶದಲ್ಲಿ ಹಾಕುವುದಿಲ್ಲ, ಇಲ್ಲೇ ಹಾಕುತ್ತೇನೆ" ಎಂದು ಬೇರೊಂದು ಫಾರಂ ಬರೆದುಕೊಡಬೇಕಿತ್ತು. ಕಡೆಯ ದಿನ ಮೇ 7. ಬ್ರಿಟನ್ ಒಕ್ಕೂಟವನ್ನು ಬಿಡುವುದೋ ಇರುವುದೋ ಎಂಬ ಜಗ್ಗಾಟದಲ್ಲಿ, ಚುನಾವಣೆ ಖಂಡಿತ ನಡೆಯುತ್ತದೆ ಎಂದು ಸರ್ಕಾರ ಬಾಯಿಬಿಟ್ಟು ಹೇಳಿದ್ದೂ ಅದೇ ಮೇ 7ರಂದು! ಎಷ್ಟೋ ಮಂದಿ ಮತಗಟ್ಟೆಗೆ ಬಂದು, ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲೆ ಗೆರೆ ಎಳೆದಿರುವುದನ್ನು ಕಂಡು ಹಿಂದಿರುಗಿದರು. ಹಕ್ಕು ಕಾನೂನಿನಲ್ಲಿ ಭದ್ರವಾಗಿತ್ತು, ಫಾರಂ ಅದನ್ನು ಕಿತ್ತುಕೊಂಡಿತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿ. ಸ್ಪೇನಿನ ದಕ್ಷಿಣ ತುದಿಯಲ್ಲಿ ಜಿಬ್ರಾಲ್ಟರ್ ಎಂಬ ಬಂಡೆಯಂಥ ಪುಟ್ಟ ಊರಿದೆ, ಬ್ರಿಟನ್ನಿಗೆ ಸೇರಿದ್ದು. ಜನಸಂಖ್ಯೆ ಸುಮಾರು ಮೂವತ್ತು ಸಾವಿರ. ಯೂರೋಪಿನ ಕಾನೂನುಗಳು ಅವರಿಗೆ ಅನ್ವಯಿಸುತ್ತಿದ್ದವು, ಆದರೆ ಓಟು ಇರಲಿಲ್ಲ. 1994ರಲ್ಲಿ ಡೆನಿಸ್ ಮ್ಯಾಥ್ಯೂಸ್ ಎಂಬಾಕೆ ತನ್ನ ಹೆಸರನ್ನು ಪಟ್ಟಿಗೆ ಸೇರಿಸಿ ಎಂದು ಅರ್ಜಿ ಹಾಕಿದರು. ಅಧಿಕಾರಿ ಆಗುವುದಿಲ್ಲ ಎಂದು ಉತ್ತರ ಕೊಟ್ಟರು. ಆಕೆ ಆ ಉತ್ತರವನ್ನು ಹಿಡಿದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1999ರ ಫೆಬ್ರವರಿ 18ರಂದು ಹದಿನೇಳು ನ್ಯಾಯಾಧೀಶರಲ್ಲಿ ಹದಿನೈದು ಮಂದಿ ಆಕೆಯ ಪಕ್ಷದಲ್ಲಿ ತೀರ್ಪಿತ್ತರು. ತನ್ನನ್ನು ಆಳುವ ಕಾನೂನನ್ನು ಮಾಡುವ ಸಭೆಗೆ ಆರಿಸುವ ಹಕ್ಕು ಆಕೆಗೆ ಇರಲೇಬೇಕು ಎಂಬುದು ಅದರ ಸಾರ. 2004ರಲ್ಲಿ ಜಿಬ್ರಾಲ್ಟರ್ ಮೊದಲ ಸಲ ಓಟು ಹಾಕಿತು. ಅಲ್ಲಿದ್ದ ಕಾಮನ್‌ವೆಲ್ತ್ ಪ್ರಜೆಗಳಿಗೂ ಓಟು ಕೊಟ್ಟದ್ದು ತಪ್ಪೆಂದು ಸ್ಪೇನ್ ದಾವೆ ಹೂಡಿತು. 2006ರಲ್ಲಿ ಯೂರೋಪಿನ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ಲೂಕನ ಸುವಾರ್ತೆಯ ವಿಧವೆ ನ್ಯಾಯಾಧಿಪತಿಯ ಬಾಗಿಲು ಬಡಿಯುತ್ತಲೇ ಇದ್ದಳಲ್ಲ, ಹಾಗೆ ಬಡಿದವರು ಈಕೆ. ಮೊದಲ ಏಟು ಒಂದು ಅರ್ಜಿ, ಅಷ್ಟೇ.

2020ರ ಜನವರಿ 31ರಂದು ಬ್ರಿಟನ್ ಯೂರೋಪಿನ ಒಕ್ಕೂಟವನ್ನು ಬಿಟ್ಟಿತು. ಅದರ 73 ಸದಸ್ಯರು ಮನೆಗೆ ಮರಳಿದರು, ಭಾರತೀಯರ ಆ ಓಟೂ ಅಲ್ಲಿಗೆ ಮುಗಿಯಿತು. ಆ ಪಾರ್ಲಿಮೆಂಟು ಮಾತ್ರ ಇದೆ, ಮತ್ತು ಅದು ನಮ್ಮ ಕಾಫಿಯ ಬಗ್ಗೆ ಕಾನೂನು ಮಾಡುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ ಯೂರೋಪಿನ ಮಾರುಕಟ್ಟೆಗೆ ಬರಕೂಡದು, ಬೆಳೆದ ದೇಶದ ಕಾರ್ಮಿಕ ಕಾನೂನನ್ನೂ ಪಾಲಿಸಿರಬೇಕು ಎಂದು 2023ರಲ್ಲಿ ಅದು ಒಪ್ಪಿಗೆ ಕೊಟ್ಟಿತು. ಜಾರಿಯನ್ನು ಮುಂದೂಡುತ್ತಲೇ ಇದ್ದಾರೆ, ಆ ಮಾತು ಬೇರೆ. ನಾವು ಕೊಯ್ಯುವ ಹಣ್ಣಿನ ಮೇಲೆ ಅಷ್ಟು ದೂರದ ಮತದಾರನಿಗೂ ಒಂದು ಮಾತು ಇದೆ. ಕೊಯ್ಯುವವನಿಗೆ ಹತ್ತಿರದ ಪಂಚಾಯಿತಿಯಲ್ಲೂ ಇಲ್ಲ.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ.

"ನಿಮ್ಮ ಓಟು ನಿಮ್ಮ ಊರಲ್ಲಿ, ಇಲ್ಲಿ ನಿಮಗೇನು?" ಎಂದು ಮೇಸ್ತ್ರಿ ಹೇಳುತ್ತಾನೆ, ರೈಟರೂ ಹೇಳುತ್ತಾನೆ. ಇದು ಸುಳ್ಳು. 1950ರ ಪ್ರಜಾಪ್ರಾತಿನಿಧ್ಯ ಕಾನೂನು ಹೇಳುವುದು ಹುಟ್ಟಿದ ಊರನ್ನಲ್ಲ, ಸಾಮಾನ್ಯವಾಗಿ ವಾಸಿಸುವ ಸ್ಥಳವನ್ನು. ಕೊಡಗಿನ ಲೈನ್ ಮನೆಯಲ್ಲಿ ವರ್ಷವಿಡೀ ಒಲೆ ಹಚ್ಚುವವನು, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳುಹಿಸುವವನು, ಅಲ್ಲಿನ ಮತದಾರ. ಆತ ತಮಿಳುನಾಡಿನವನೋ ಕರ್ನಾಟಕದವನೋ ಎಂದು ಕಾನೂನು ಕೇಳುವುದಿಲ್ಲ. ಮನೆಯ ಕಾಗದ ಇಲ್ಲ ಎನ್ನುತ್ತೀರಾ? ಕಾಗದ ಇಲ್ಲದವನ ವಿಷಯದಲ್ಲಿ ಮತಗಟ್ಟೆ ಅಧಿಕಾರಿ ಖುದ್ದಾಗಿ ಬಂದು ನೋಡಬೇಕು. ಸೂರೇ ಇಲ್ಲದೆ ರಸ್ತೆಬದಿಯಲ್ಲಿ ಮಲಗುವವನನ್ನೂ ರಾತ್ರಿ ಹೋಗಿ ನೋಡಿ ಪಟ್ಟಿಗೆ ಸೇರಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಇದೆ. ಸೂರಿದ್ದವನಿಗೆ ಇಲ್ಲವೆಂದರೆ ಹೇಗೆ? ಲೈನ್ ಮನೆಯ ವಿಳಾಸ ಸರ್ಕಾರದ ಪಟ್ಟಿಯಲ್ಲಿ ಅಚ್ಚಾದರೆ, ನಾಳೆ ಆ ವಿಳಾಸದಿಂದ ಎಬ್ಬಿಸುವುದು ಕಷ್ಟವಾದೀತು ಎಂಬ ಅಳುಕು ಕೆಲವು ಮಾಲೀಕರಿಗೆ ಇದೆ ಎಂಬುದು ನಮ್ಮ ಅನುಮಾನ.

ಕೊಯ್ಲಿಗೆ ಮಾತ್ರ ಹೋಗಿ ಬರುವವರ ಮಾತು ಬೇರೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಊರಿನ ವಾಸ ತಪ್ಪಿಹೋಗುವುದಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಅವರ ಹೆಸರು ಜವಳಗಿರಿಯಲ್ಲೇ ಇರಬೇಕು. ಆದರೆ ಇರುತ್ತದೆಯೇ? 2025ರ ನವೆಂಬರಿನಲ್ಲಿ ತಮಿಳುನಾಡಿನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. ಮನೆಮನೆಗೆ ಫಾರಂ ಬಂತು, ತುಂಬಿಸಿ ಕೊಡದವರ ಹೆಸರು ಹೋಯಿತು. ಡಿಸೆಂಬರ್ 19ರ ಕರಡು ಪಟ್ಟಿಯಲ್ಲಿ ರಾಜ್ಯದಾದ್ಯಂತ 90 ಲಕ್ಷಕ್ಕೂ ಹೆಚ್ಚು ಹೆಸರುಗಳು ಕಾಣೆಯಾಗಿದ್ದವು. ಸತ್ತವರು, ಎರಡು ಕಡೆ ಇದ್ದವರು, ಊರು ಬಿಟ್ಟವರು ಎಂದು ಲೆಕ್ಕ ಕೊಟ್ಟರು. ನವೆಂಬರ್, ಡಿಸೆಂಬರ್ ಎಂದರೆ ಯಾವ ತಿಂಗಳು? ಅರೇಬಿಕ ಕೊಯ್ಲಿನ ತಿಂಗಳು! ಬೀಗ ಹಾಕಿದ ಬಾಗಿಲಿಗೆ ಫಾರಂ ಬಂದರೆ ತುಂಬಿಸುವವರು ಯಾರು? ಬ್ರಿಟನ್ನಿನ ಪೋಲೆಂಡಿನವರಿಗೆ ಆದದ್ದೇ ನಮಗೂ ಆಯಿತು.

ಚುನಾವಣೆಯ ದಿನ ಊರಿಗೆ ಹೋದರೆ ಕೂಲಿ ಹೋಗುತ್ತದೆ ಎಂಬುದು ಇನ್ನೊಂದು ಹೆದರಿಕೆ. ಇದಕ್ಕೂ ಕಾನೂನಿದೆ. 1951ರ ಪ್ರಜಾಪ್ರಾತಿನಿಧ್ಯ ಕಾನೂನಿಗೆ 1996ರಲ್ಲಿ 135ಬಿ ಎಂಬ ಕಲಮನ್ನು ಸೇರಿಸಿದರು. ಲೋಕಸಭೆಗೋ ವಿಧಾನಸಭೆಗೋ ಓಟಿರುವ ಕೆಲಸಗಾರನಿಗೆ ಮತದಾನದ ದಿನ ರಜೆ ಕೊಡಬೇಕು, ಸಂಬಳ ಹಿಡಿಯಬಾರದು. ದಿನಗೂಲಿಯವನಿಗೂ ಆ ದಿನದ ಕೂಲಿ ಕೊಡಬೇಕು. ತಪ್ಪಿದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? 500 ರೂಪಾಯಿಯವರೆಗೆ! ನಮ್ಮ ಓಟಿನ ಬೆಲೆಯನ್ನು ಪಾರ್ಲಿಮೆಂಟು ಒಂದು ದಿನದ ಕೂಲಿಯ ಆಸುಪಾಸಿನಲ್ಲಿ ಇಟ್ಟಿದೆ. ಇನ್ನು, ಒಂದು ದಿನದ ರಜೆಯಲ್ಲಿ ಮಡಿಕೇರಿಯ ಕಡೆಯಿಂದ ಜವಳಗಿರಿಗೆ ಬಂದು, ಓಟು ಹಾಕಿ, ಮರುದಿನ ಬೆಳಗಿನ ಹಾಜರಿಗೆ ನಿಲ್ಲುವುದು ಹೇಗೆ? ಕಾನೂನು ಬರೆದವರು ಆ ಬಸ್ಸು ಹತ್ತಿ ನೋಡಲಿ. ತಳಿಯಿಂದಾಚೆಗೆ ಕತ್ತಲಾದ ಮೇಲೆ ಆನೆಯ ಭಯ ಬೇರೆ.

ದುಡಿಯುವ ಕಡೆಯಿಂದಲೇ ಊರಿನ ಕ್ಷೇತ್ರಕ್ಕೆ ಓಟು ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳು. 2023ರ ಜನವರಿ 16ರಂದು ಪಕ್ಷಗಳನ್ನು ಕರೆದು ತೋರಿಸಲು ಹೊರಟಾಗ ಹಲವು ಪಕ್ಷಗಳು ಒಪ್ಪಲಿಲ್ಲ. ಪರರಾಜ್ಯದಲ್ಲಿ ನಮ್ಮ ಏಜೆಂಟರನ್ನು ಎಲ್ಲಿಂದ ತರೋಣ, ಯಂತ್ರವನ್ನು ನಂಬುವುದು ಹೇಗೆ ಎಂದರು. ಆ ಸಂಶಯಗಳು ಸುಮ್ಮನೆ ಹುಟ್ಟಿದವಲ್ಲ, ಒಪ್ಪುತ್ತೇವೆ. ಆದರೆ ಸೈನಿಕರಿಗೆ ಅಂಚೆ ಓಟು ಇದೆ. ಊರು ಬಿಟ್ಟ ಕಾಶ್ಮೀರಿಗಳಿಗೆ ಜಮ್ಮುವಿನಲ್ಲೂ ದೆಹಲಿಯಲ್ಲೂ ವಿಶೇಷ ಮತಗಟ್ಟೆಗಳಿವೆ. ಮನಸ್ಸಿದ್ದಲ್ಲಿ ದಾರಿ ಮಾಡಿದ್ದಾರೆ. ಪಡಿತರ ಅಕ್ಕಿಗೂ ದಾರಿ ಮಾಡಿದ್ದಾರೆ: ತಮಿಳುನಾಡಿನ ಕಾರ್ಡಿಗೆ ಕರ್ನಾಟಕದ ಅಂಗಡಿಯಲ್ಲಿ ಅಕ್ಕಿ ಸಿಗುವ ಏರ್ಪಾಡು ಆಗಿದೆ. ಅಕ್ಕಿ ಅತ್ತಿಬೆಲೆ ದಾಟುತ್ತದೆ, ಓಟು ದಾಟುವುದಿಲ್ಲ.

ನಮ್ಮ ಹಿರಿಯರಲ್ಲಿ ಕೆಲವರು ಈ ಪತ್ರಿಕೆಯಲ್ಲಿ ರಾಜಕೀಯ ಏಕೆ ಎನ್ನುತ್ತಾರೆ. ಅವರಿಗೆ ಗೌರವದಿಂದಲೇ ಹೇಳುತ್ತೇವೆ, ಅಪೊಸ್ತಲರ ಕೃತ್ಯಗಳ ಇಪ್ಪತ್ತೆರಡನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಪೌಲನು ತಾರ್ಸದವನು. ಅವನನ್ನು ಕಟ್ಟಿ ಕೊರಡೆಯಿಂದ ಹೊಡೆಯಲು ಹೊರಟದ್ದು ಯೆರೂಸಲೇಮಿನಲ್ಲಿ, ಊರಿನಿಂದ ಬಲು ದೂರ. ಅವನು ತಲೆ ತಗ್ಗಿಸಿ ಏಟು ತಿನ್ನಲಿಲ್ಲ. ವಿಚಾರಣೆ ಇಲ್ಲದೆ ರೋಮಿನ ಹಕ್ಕುಳ್ಳವನನ್ನು ಹೊಡೆಯಬಹುದೇ ಎಂದು ಶತಾಧಿಪತಿಯನ್ನೇ ಕೇಳಿದ. ಆ ಹಕ್ಕು ತಾರ್ಸದಲ್ಲಿ ಕುಳಿತಿರಲಿಲ್ಲ, ಅವನ ಮೈಯೊಂದಿಗೆ ಬಂದಿತ್ತು. ಸಹಸ್ರಾಧಿಪತಿ ಹೆದರಿದ.

ಇನ್ನು ಕೆಲವರು, ಹೆಸರನ್ನು ತೋಟಕ್ಕೆ ಬದಲಿಸಿದರೆ ಊರಿನ ರೇಷನ್ ಕಾರ್ಡು, ಜಾತಿ ಪತ್ರ ಹೋಗುತ್ತದೆ ಎಂದು ಹೆದರಿಸುತ್ತಾರೆ. ಮತದಾರರ ಪಟ್ಟಿ ಬೇರೆ, ರೇಷನ್ ಪಟ್ಟಿ ಬೇರೆ. ಆದರೆ ಒಂದು ಎಚ್ಚರ: ಎರಡು ಕಡೆ ಹೆಸರು ಇಟ್ಟುಕೊಳ್ಳಬೇಡಿ. ಅದು ಅಪರಾಧಕ್ಕೆ ದಾರಿ, ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಸಜೆ ಇದೆ.

ವರ್ಷವಿಡೀ ತೋಟದಲ್ಲಿರುವವರು ಫಾರಂ 8 ತುಂಬಿಸಿ ಹೆಸರನ್ನು ಅಲ್ಲಿಗೆ ಬದಲಿಸಿಕೊಳ್ಳಿ. ಪಟ್ಟಿಯಲ್ಲಿ ಎಲ್ಲೂ ಹೆಸರಿಲ್ಲದವರು, ಹೆಸರು ಹೋದವರು ಫಾರಂ 6 ತುಂಬಿಸಿ. ಹದಿನೆಂಟು ತುಂಬಿದ ಮಕ್ಕಳು ಜನವರಿಯವರೆಗೆ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಕುಗಳಲ್ಲಿ ಯಾವುದಕ್ಕೆ ವಯಸ್ಸು ತುಂಬಿದರೂ ಸಾಕು. ಅರ್ಜಿ ಕೊಟ್ಟಾಗ ರಸೀತಿ ಕೇಳಿ ಪಡೆಯಿರಿ, ಕೊಡದಿದ್ದರೆ ಅಲ್ಲಿಂದ ಏಳಬೇಡಿ. ಆಗುವುದಿಲ್ಲ ಎಂದರೆ ಅದನ್ನು ಬರೆದುಕೊಡಿ ಎನ್ನಿ. ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ಆ ಕಾಗದ ಬೇಕು. ಬರೆಯಲು ಬಾರದವರಿಗೆ ನಮ್ಮ ಯುವಕರು ಭಾನುವಾರದ ಆರಾಧನೆಯ ನಂತರ ಬರೆದುಕೊಡುತ್ತಾರೆ. ಒಂದು ಫೋಟೋ, ಆಧಾರ್ ಕಾರ್ಡಿನ ಪ್ರತಿ, ಹಳೆಯ ಓಟರ್ ಕಾರ್ಡ್ ಇದ್ದರೆ ಅದನ್ನೂ ತನ್ನಿ. ಕೊಯ್ಲಿಗೆ ಹೊರಡುವವರು ಮುಂಗಡ ತೆಗೆದುಕೊಳ್ಳುವ ಮೊದಲೇ ಬನ್ನಿ.