ಹತ್ತೊಂಬತ್ತನೆಯ ಅಷ್ಟಪದಿಯ ಅಪರಾಧಿ

12ನೆಯ ಶತಮಾನದಲ್ಲಿ ವಂಗದೇಶದ ಲಕ್ಷ್ಮಣಸೇನನ ಆಸ್ಥಾನದಲ್ಲಿದ್ದ ಜಯದೇವನ ‘ಗೀತಗೋವಿಂದ’ವು ದಕ್ಷಿಣದೇಶದ ಭಜನಗೋಷ್ಠಿಗಳಲ್ಲಿಯೂ ಮನೆಮಾಡಿಕೊಂಡಿರುವುದು ವಿದಿತವೇ ಇದೆ. ಅದರ 10ನೆಯ ಸರ್ಗದಲ್ಲಿರುವ 19ನೆಯ ಅಷ್ಟಪದಿಯನ್ನು ಭಾಗವತರು ಕಣ್ಣುಮುಚ್ಚಿ ಹಾಡುತ್ತಾರೆ. ಅರ್ಥ ಹೇಳಿರೆಂದು ಕೇಳಿದರೆ ಮಾತ್ರ ಹಲವರಿಗೆ ಕೆಮ್ಮು ಬರುತ್ತದೆ. ಮುನಿದು ಕುಳಿತ ರಾಧೆಯೆದುರಿಗೆ ಶ್ರೀಕೃಷ್ಣನು ನಿಂತು, ತನ್ನ ಬಾಳಿನ ಸಿರಿಯೆಲ್ಲವೂ ಅವಳೇ ಎಂದು ಒಪ್ಪಿಕೊಂಡು, ಕಡೆಗೆ ಅವಳ ಪಾದವನ್ನು ತನ್ನ ತಲೆಯ ಮೇಲಿಡುವಂತೆ ಬೇಡುತ್ತಾನೆ. ಉಪಕಾರಸ್ಮರಣೆಯೂ ಕ್ಷಮಾಯಾಚನೆಯೂ ಒಂದೇ ಉಸಿರಿನಲ್ಲಿ ಹೊರಟ ಹಾಡಿದು.

ಇಲ್ಲಿ ವೇದಾಂತಿಗಳು ಅಡ್ಡಬರುತ್ತಾರೆ. ರಾಧೆಯೆಂದರೆ ಜೀವಾತ್ಮ, ಕೃಷ್ಣನೆಂದರೆ ಪರಮಾತ್ಮ. ಆದುದರಿಂದ ಲಜ್ಜೆಗೆ ಕಾರಣವಿಲ್ಲವೆಂದು ಅವರ ಸಮಾಧಾನ. ಆದರೆ ಈ ಹಾಡಿನಲ್ಲಿ ತಪ್ಪು ಮಾಡಿದವನು ಯಾರು? 8ನೆಯ ಸರ್ಗದಲ್ಲಿ ಬೇರೊಬ್ಬಳೊಡನೆ ರಾತ್ರಿ ಕಳೆದ ಗುರುತುಗಳನ್ನು ಮೈಮೇಲೆ ಹೊತ್ತು ಬೆಳಗಿನಲ್ಲಿ ಬಂದವನು ಜೀವಾತ್ಮನಲ್ಲ. ಪರಮಾತ್ಮನು ಜೀವನಿಗೆ ಮಾಡಿದ ಆ ವಂಚನೆ ಯಾವುದೆಂಬುದನ್ನು ಈ ವ್ಯಾಖ್ಯಾನಕಾರರು ಹೇಳಲೇಬೇಕಾಗಿತ್ತು. ಒಬ್ಬರೂ ಬಾಯಿಬಿಡುವುದಿಲ್ಲ. ಅಪರಾಧವನ್ನು ರೂಪಕದ ಹೊದಿಕೆಯೊಳಗೆ ಬಚ್ಚಿಟ್ಟರೆ ಕ್ಷಮಾಯಾಚನೆಗೆ ಅರ್ಥವೆಲ್ಲಿ ಉಳಿಯಿತು? ದೇವರು ಹೆಣ್ಣಿನ ಪಾದವನ್ನು ಬೇಡುವ ಮಾತನ್ನು ಬರೆಯಲು ಜಯದೇವನೇ ಅಳುಕಿ ಸ್ನಾನಕ್ಕೆ ಹೊರಟುಹೋದನೆಂದೂ, ಅಷ್ಟರಲ್ಲಿ ಕೃಷ್ಣನೇ ಕವಿಯ ವೇಷದಿಂದ ಬಂದು ಅದನ್ನು ಬರೆದನೆಂದೂ ಐತಿಹ್ಯವಿದೆ. ಐತಿಹ್ಯವನ್ನು ಕಟ್ಟಿದ ಭಕ್ತರಿಗೆ ಇದ್ದ ಧೈರ್ಯವು ವ್ಯಾಖ್ಯಾನಕಾರರಿಗೆ ಇಲ್ಲದೆಹೋಯಿತು! ಈ ರೂಪಕವು ಗಂಡಸರಿಗೆ ಬಲು ಅನುಕೂಲವಾದುದೆಂಬುದನ್ನೂ ಮರೆಯತಕ್ಕದ್ದಲ್ಲ. ಸಂಜೆ ಭಜನೆಯಲ್ಲಿ ಈ ಅಷ್ಟಪದಿಗೆ ತಲೆದೂಗಿದ ಯಜಮಾನನು ಮನೆಗೆ ಬಂದು ಸಾರು ಆರಿತೆಂದು ಗರ್ಜಿಸುವುದಕ್ಕೆ ಅದು ಎಳ್ಳಷ್ಟೂ ಅಡ್ಡಿಮಾಡದು.

ಆಲಂಕಾರಿಕರ ದಾರಿ ಬೇರೆ. ಮಾನವತಿಯನ್ನು ಒಲಿಸಲು ದಶರೂಪಕವು ಹೇಳುವ ಆರು ಉಪಾಯಗಳಲ್ಲಿ ಕಾಲಿಗೆ ಬೀಳುವ ‘ನತಿ’ಯೂ ಒಂದು, ಇದು ಅದರ ಲಕ್ಷ್ಯ, ಅಷ್ಟೇ, ಎಂದು ಅವರು ಪುಸ್ತಕ ಮುಚ್ಚುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ 3ನೆಯ ಸರ್ಗವನ್ನು ಅವರು ಮರೆತರು. ಅಲ್ಲಿ ರಾಧೆಯಿಲ್ಲ, ಒಲಿಸಬೇಕಾದವರು ಯಾರೂ ಇಲ್ಲ. ಇತರ ಗೋಪಿಯರನ್ನು ಬಿಟ್ಟು ಬಂದ ಕೃಷ್ಣನು ಒಬ್ಬನೇ ಕುಳಿತು, ತನ್ನ ತಪ್ಪಿನ ಅಳುಕಿನಿಂದಲೇ ಅವಳನ್ನು ತಡೆಯಲಾರದೆ ಹೋದೆನೆಂದು ಮರುಗುತ್ತಾನೆ. ಇನ್ನೆಂದಿಗೂ ಹೀಗೆ ಮಾಡೆನೆನ್ನುತ್ತಾನೆ. ಯಾರೂ ಕೇಳದಿರುವಾಗ ಆಡಿದ ಮಾತು ಉಪಾಯವಾಗುವುದು ಹೇಗೆ?

ಆ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲವೆಂಬ ಆಕ್ಷೇಪವು ನ್ಯಾಯವಾದುದೇ. 8ನೆಯ ಸರ್ಗವೇ ಅದಕ್ಕೆ ಸಾಕ್ಷಿ. ಒಮ್ಮೆ ಸುಳ್ಳಾದ ಮಾತಿಗೆ ಎರಡನೆಯ ಸಲ ಬೆಲೆಯಿರದು. ಆದುದರಿಂದಲೇ 19ನೆಯ ಅಷ್ಟಪದಿಯಲ್ಲಿ ಮಾತಿನ ಜತೆಗೆ ತಲೆಯೂ ಬಾಗಬೇಕಾಯಿತು. ಅಷ್ಟಕ್ಕೂ ಸಾಲ ತೀರಿತೆಂದು ಕವಿಯು ಒಪ್ಪಿಲ್ಲ. ಕಡೆಯ ಸರ್ಗದ 24ನೆಯ ಅಷ್ಟಪದಿಯಲ್ಲಿ ರಾಧೆಯು ಬೇಡುವುದಿಲ್ಲ, ಅಪ್ಪಣೆ ಮಾಡುತ್ತಾಳೆ: ಕಾಡಿಗೆ ತಿದ್ದು, ತಿಲಕವಿಡು, ಕೆದರಿದ ಮುಡಿಗೆ ಹೂ ಮುಡಿಸು. ಕಟ್ಟಕಡೆಗೆ ಕಾಲಿಗೆ ನೂಪುರ. ಕೃಷ್ಣನು ಅವೆಲ್ಲವನ್ನೂ ಸಂತೋಷದಿಂದ ಮಾಡುತ್ತಾನೆ. ತಲೆಯ ಮೇಲೆ ಬೇಡಿದ ಪಾದವು ಕೈಗೆ ಬಂದುದು ಸೇವೆಗಾಗಿ.

1875ರಲ್ಲಿ ಈ ಕಾವ್ಯವನ್ನು ಇಂಗ್ಲಿಷಿಗೆ ತಂದ ಎಡ್ವಿನ್ ಆರ್ನಾಲ್ಡನು ಪಾಶ್ಚಾತ್ಯರ ಸಭ್ಯತೆಗೆ ಹೊಂದದೆಂದು ಆ ಕಡೆಯ ಸರ್ಗಕ್ಕೇ ಕತ್ತರಿ ಹಾಕಿದನು. ಅವನನ್ನು ದೂರಿ ಫಲವೇನು? 19ನೆಯದನ್ನು ಹಾಡಿ, 24ನೆಯದಕ್ಕೆ ಬರುವ ಮೊದಲೇ ಮಂಗಳಾರತಿ ಎತ್ತುವವರು ನಮ್ಮ ನಡುವೆಯೇ ಇದ್ದಾರೆ. ಮುಂದಿನ ಸಲವಾದರೂ ಎರಡನ್ನೂ ಒಟ್ಟಿಗೆ ಹಾಡಿ, ಅರ್ಥವನ್ನು ಹೆಂಗಸರೂ ಕೇಳುವಂತೆ ತಿಳಿಗನ್ನಡದಲ್ಲಿ ಹೇಳಲಿ.