ಬೈರಿಗೆಗೆ ಬೇಕಾದುದು ಬಲವಲ್ಲ, ಸಾಣೆ

ಹೆಮ್ಮಿಗೆಯ ಗದ್ದೆಗಳಲ್ಲಿ ಮೊಂಡು ಕುಡುಗೋಲು ಹಿಡಿದು ಕುಯ್ಲಿಗೆ ಇಳಿಯುವವರುಂಟೆ? ಕಾರ್ಯಾಗಾರದಲ್ಲಾದರೋ ಮೊಂಡಾದ ಬೈರಿಗೆಯನ್ನು, ಎಂದರೆ ಡ್ರಿಲ್ ಬಿಟ್ಟನ್ನು, ಉಕ್ಕಿನ ಮೇಲೆ ಇನ್ನಷ್ಟು ಬಲವಾಗಿ ಒತ್ತುವವರೇ ಹೆಚ್ಚು. ಆಗ ಅದು ಲೋಹವನ್ನು ಕತ್ತರಿಸದೆ ಉಜ್ಜುತ್ತದೆ. ವ್ಯಯವಾದ ಶಕ್ತಿಯು ಶಾಖವಾಗುತ್ತದೆ. ಕಾರ್ಬನ್ ಉಕ್ಕಿನ ಬೈರಿಗೆಯು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಮೆದುವಾಗತೊಡಗುತ್ತದೆ. ಹೈಸ್ಪೀಡ್ ಉಕ್ಕಿನದು ಸುಮಾರು 600 ಡಿಗ್ರಿಯವರೆಗೆ ತಾಳುತ್ತದೆ. ಆದುದರಿಂದ ಲೋಹದ ಕೆಲಸಕ್ಕೆ ಎರಡನೆಯದನ್ನೇ ಆರಿಸಬೇಕು.

ಸಾಧಾರಣ ಉಕ್ಕಿಗಾದರೆ ಮೊನೆಯ ಕೋನವು 118 ಡಿಗ್ರಿ ಇರುವಂತೆ ಸಾಣೆ ಹಿಡಿಯುವುದು ವಾಡಿಕೆ. ಎರಡು ಅಲಗುಗಳೂ ಸಮನಾಗಿರಬೇಕು. ಇಲ್ಲವಾದರೆ ರಂಧ್ರವು ಅಳತೆ ಮೀರುತ್ತದೆ.

ಹೊಸ ಯಂತ್ರವನ್ನು ಮುಟ್ಟುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಬೈರಿಗೆಗೆ ಸಾಣೆ ಹಿಡಿಯಲು ಕಲಿಯಲೇಬೇಕೆಂಬುದು ನಮ್ಮ ಅಭಿಮತ. ಘರ್ಷಣೆಯ ಪಾಠವು ಪುಸ್ತಕದಿಂದ ಕೈಗೆ ಇಳಿಯುವುದು ಅಲ್ಲಿಯೇ.