ಮೆಟ್ರೊ ಬೋರ್ಡಿನ ಜಗಳ ಮತ್ತು ದೊಡ್ಡ ಸ್ವಾಮಿಯವರು

ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾದು ಕಾಲು ನೋಯಿಸಿಕೊಂಡವರಿಗೆಲ್ಲ ಸೇಂಟ್ ಮೇರಿ ಬೆಸಿಲಿಕದ ಗೋಪುರ ಗೊತ್ತೇ ಇದೆ. 2025ರ ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿಗೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೆಟ್ರೊ ನಿಲ್ದಾಣಕ್ಕೆ ಮೇರಿಯ ಹೆಸರಿಡುವ ಮಾತಾಡಿದ್ದೇ ತಡ, ಗದ್ದಲ ಶುರುವಾಯಿತು. ಮಹಾರಾಷ್ಟ್ರದ ದೊಡ್ಡವರೂ ಬಾಯಿ ಹಾಕಿದರು.

ಬೋರ್ಡಿನ ಜಗಳ ಜಗಳಗಂಟರಿಗಿರಲಿ. ಈ ಚರ್ಚಿನ ಹಳೇ ಚರಿತ್ರೆಯಲ್ಲಿ ಒಬ್ಬ ಪಾದ್ರಿ ಬರುತ್ತಾರೆ. ಅವರಿಗೆ ಹೆಸರಿಟ್ಟದ್ದು ಸರ್ಕಾರ ಅಲ್ಲ ಸ್ವಾಮಿ, ಜನ. ‘ದೊಡ್ಡ ಸ್ವಾಮಿಯವರು’ ಅಂತ.

ಅವರೇ ಫ್ರಾನ್ಸಿನ ಅಬ್ಬೆ ದುಬ್ವಾ. 1792ರಲ್ಲಿ ಇಂಡಿಯಾಕ್ಕೆ ಬಂದವರು, 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದು ನಿಂತರು. ಇಲ್ಲಿಯವರ ಉಡುಪು, ಇಲ್ಲಿಯವರ ಊಟ. ಬ್ಲಾಕ್‌ಪಲ್ಲಿ ಅನ್ನಿಸಿಕೊಂಡಿದ್ದ ಈ ಶಿವಾಜಿನಗರದಲ್ಲಿ ಸಣ್ಣದೊಂದು ಪ್ರಾರ್ಥನಾ ಮಂದಿರ ಕಟ್ಟಿಸಿದರು. ಈಗಿರುವ ದೊಡ್ಡ ಚರ್ಚು ಮುಗಿದದ್ದು 1882ರಲ್ಲಿ.

ಆದರೆ ಅವರ ಹೆಸರು ನಿಂತದ್ದು ಕಟ್ಟಡದಿಂದಲ್ಲ. ಆ ಕಾಲದಲ್ಲಿ ಸಿಡುಬು ಬಂದರೆ ಮನೆಮಂದಿಯೇ ಹತ್ತಿರ ಹೋಗಲು ಹೆದರುತ್ತಿದ್ದರು. ಜೆನ್ನರನ ದಾಕು 1802ರಲ್ಲಿ ಮುಂಬಯಿಗೆ ಬಂದಿತ್ತಷ್ಟೆ. ಮೈಗೆ ಸೂಜಿ ಚುಚ್ಚಿಸಿಕೊಳ್ಳಲು ಯಾರು ಒಪ್ಪುತ್ತಾರೆ? ದುಬ್ವಾ ಮುಂದೆ ನಿಂತರು. 1803-04ರ ಲೆಕ್ಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನ ದಾಕು ಹಾಕಿಸಿಕೊಂಡರು. ಹಾಸನ ಸೀಮೆಯ ಸಾತಹಳ್ಳಿಯಲ್ಲಿ ನೆಲೆ ಇಲ್ಲದ ಕ್ರೈಸ್ತರನ್ನು ಬೇಸಾಯಕ್ಕೆ ಹಚ್ಚಿದರು.

ತಮಾಷೆ ಕೇಳಿ. ಇದೇ ಮನುಷ್ಯ 1823ರಲ್ಲಿ ಊರಿಗೆ ವಾಪಸು ಹೋಗಿ, ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಮಾತು ಎಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು! ಬಂದ ಕೆಲಸದಲ್ಲಿ ಸೋತೆ ಅಂತ ಒಪ್ಪಿಕೊಂಡ ಪಾದ್ರಿಯನ್ನು ಜನ ‘ದೊಡ್ಡ’ ಅಂದರು. ಇದು ಇವತ್ತಿನ ಪಾದ್ರಿಗಳು ಯೋಚನೆ ಮಾಡಬೇಕಾದ ವಿಷಯ.

ಯೋಚನೆ ಮಾಡಿದವರೂ ಇದ್ದಾರೆ, ಇಲ್ಲ ಅನ್ನುವಂತಿಲ್ಲ. 2020-21ರ ಕೊರೊನಾದಲ್ಲಿ ಹೆತ್ತ ಮಕ್ಕಳೇ ಹೆಣದಿಂದ ದೂರ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಆಗ ಬೆಂಗಳೂರು ಮಹಾಧರ್ಮಪ್ರಾಂತ್ಯದ ‘ಮರ್ಸಿ ಏಂಜೆಲ್ಸ್’ ತಂಡ ಹೊರಟಿತು. ಪಾದ್ರಿಗಳೂ ಹುಡುಗರೂ ಮೈತುಂಬ ಪ್ಲಾಸ್ಟಿಕ್ ಉಡುಪು ಹಾಕಿಕೊಂಡು ಹೆಣ ಹೊತ್ತರು. ಜಾತಿ ಮತ ಕೇಳಲಿಲ್ಲ. ಯಾವ ಪ್ರಸಂಗಕ್ಕೂ ಆ ಶಕ್ತಿ ಇಲ್ಲ.

ಆದರೆ ರೋಗ ಹೋಯಿತು, ಮಾಮೂಲಿ ದಿನ ಬಂತು. ತಕರಾರು ಇರುವುದು ಇಲ್ಲೇ. ಹಲಸೂರು, ಇಂದಿರಾನಗರದ ಕಡೆ ಮಕ್ಕಳು ಫಾರಿನ್ನಿನಲ್ಲಿದ್ದು ಒಂಟಿಯಾಗಿ ಕೂತ ಮುದುಕರು ಎಷ್ಟು ಜನ! ಅವರಿಗೆ ಬೇಕಾದದ್ದು ಹೊಸ ಹಾಲು, ಹೊಸ ಮೈಕು ಅಲ್ಲ; ವಾರಕ್ಕೊಮ್ಮೆ ಕಾಲಿಂಗ್ ಬೆಲ್ ಒತ್ತುವ ಒಂದು ಬೆರಳು. ಪಾದ್ರಿಗೋ ಪೂಜೆ, ಸ್ಕೂಲು, ಕಮಿಟಿ, ಕಟ್ಟಡದ ಲೆಕ್ಕ. ಮನೆಗಳ ಪರಿಚಯ ಆಗುವಷ್ಟರಲ್ಲಿ ವರ್ಗಾವಣೆ. ತಪ್ಪು ಅವರೊಬ್ಬರದೇ ಅನ್ನಲಾರೆ. ಕಟ್ಟಡ ಎದ್ದರೆ ಹಾರ ಹಾಕುವ ನಾವೇ, ರೋಗಿಯ ಮಂಚದ ಪಕ್ಕ ಕೂತವರನ್ನು ಗಮನಿಸುವುದಿಲ್ಲ.

ಕೆ.ಆರ್. ಪುರದ ಕಡೆ ಮಹಡಿ ಮೇಲಿನ ಬಾಡಿಗೆ ರೂಮಿನಲ್ಲಿ ಸಭೆ ನಡೆಸುವ ಪಾಸ್ಟರುಗಳದು ಇನ್ನೊಂದು ಕಥೆ. ಗೊತ್ತಾದ ಸಂಬಳ ಇಲ್ಲದವರೇ ಜಾಸ್ತಿ. ಸಭೆಯವನಿಗೆ ಕೆಲಸ ಹೋದರೆ ಇವರ ಒಲೆಗೂ ಬಿಸಿ ತಟ್ಟುತ್ತದೆ. ಹಾಗಾಗಿ ಯಾರ ಮನೆಯಲ್ಲಿ ಏನಾಗಿದೆ ಎಂದು ಗೊತ್ತಿರುತ್ತದೆ. ಅವರಲ್ಲೂ ಕಾಣಿಕೆ ಡಬ್ಬಿಯ ಮೇಲೆ ಕಣ್ಣಿಟ್ಟವರು ಇಲ್ಲದಿಲ್ಲ, ಬಿಡಿ.

ಇನ್ನು ಭಾಷೆ. ದಂಡಿನಲ್ಲಿ ಕನ್ನಡ, ತಮಿಳು, ಇಂಗ್ಲಿಷು ಮೂರಕ್ಕೂ ಪೂಜೆಯ ವೇಳೆ ಹಂಚಿ ಜಗಳ ತೀರಿಸಬಹುದು. ಆಸ್ಪತ್ರೆಯ ಮಂಚದ ಮೇಲೆ ಕೊನೇ ಉಸಿರೆಳೆಯುವವನಿಗೆ ಟೈಮ್ ಟೇಬಲ್ಲು ಹೇಳಲಾದೀತೇ? ಮೊದಲು ಬಂದ ಪಾದ್ರಿ ಅವನ ಭಾಷೆಯಲ್ಲಿ ನಾಲ್ಕು ಮಾತು ಆಡಬಲ್ಲವರಾಗಿರಬೇಕು. ಸೆಪ್ಟೆಂಬರ್ 8 ಮತ್ತೆ ಬರುತ್ತದೆ, ತೇರು ಹೊರಡುತ್ತದೆ, ಬಸ್ಸುಗಳು ಸುತ್ತು ಹಾಕಿಕೊಂಡು ಹೋಗುತ್ತವೆ. ಅಂದು ವೇದಿಕೆ ಮೇಲಿನ ಹೆಸರುಗಳನ್ನು ಓದುವವರು, ಆ ವರ್ಷ ಹಾಸಿಗೆ ಹಿಡಿದವರ ಪಟ್ಟಿ ಯಾರ ಜೇಬಿನಲ್ಲಿದೆ ಎಂದೂ ಮೈಕಿನಲ್ಲೇ ಒಮ್ಮೆ ಕೇಳಲಿ.